ಸ್ವಯಂಚಾಲಿತ ಸಹನಾ

ಹಳಿಯಾಳದ ಟ್ಯಾಂಕರ್ ನೀರು ಉಸ್ತುವಾರಿ ಕಚೇರಿಯ ಕೆಲಸವು ಇನ್ನು ಮುಂದೆ ಮನುಷ್ಯರ ಕೈ ತಾಗದೆ ನಡೆಯತಕ್ಕದ್ದೆಂದು ಆದೇಶವಾಗಿತ್ತು. ಯಾವ ಊರಿಗೆ ನೀರು ಬೇಕೆಂಬ ಫೈಲು ದಿನಾ ಬೆಳಿಗ್ಗೆ ಹತ್ತಕ್ಕೆ ಕಂಪ್ಯೂಟರಿನಿಂದ ತಾನಾಗಿ ಜಿಲ್ಲಾ ಕಚೇರಿಗೆ ಹೋಗಬೇಕು. ಹೋದರೆ ಟ್ಯಾಂಕರ್ ಹೊರಡುತ್ತದೆ.

ಫೈಲು ಹೋಗಲಿಲ್ಲ. ಗುತ್ತಿಗೆಯ ಆಪರೇಟರ್ ಸಹನಾ ಗುಂಡಿ ಒತ್ತಿದರೆ ತಕ್ಷಣ ಹೋಗುತ್ತಿತ್ತು. ತಾನಾಗಿ ಹೋಗು ಎಂದರೆ ಮಾತ್ರ ಹೋಗದು. ಅತ್ತ ಸಾಂಬ್ರಾಣಿ ಎಂಬ ಊರಿನಲ್ಲಿ ಖಾಲಿ ಕೊಡಗಳು ಸಾಲುಗಟ್ಟಿದ್ದವು.

ತಲೆ ಕೆಡಿಸಿಕೊಂಡು ಹುಡುಕಿದ ಸಹನಾಳಿಗೆ ಕೊನೆಗೂ ಕಾರಣ ಸಿಕ್ಕಿತು. ಕಚೇರಿಯ ಮುಖ್ಯಸ್ಥರಾದ ಕುಬೇರಪ್ಪ ಸಾಹೇಬರ ಮುಂದೆ ನಿಂತು ಹೇಳಿದಳು:

"ಸರ್, ನಾ ಒತ್ತಿದ್ರ ನನ್ನ ಹೆಸರಿನ್ಯಾಗ ಹೋಗ್ತೈತ್ರಿ. ತಾನಾಗಿ ಹೋಗೂದು ತುಳಜಪ್ಪ ಸರ್ ಹೆಸರಿನ್ಯಾಗ ಐತಿ. ಅವರು ರಿಟೈರ್ ಆಗ್ಯಾರ, ಅವರ ಪಾಸ್‌ವರ್ಡೂ ರಿಟೈರ್ ಆಗೈತಿ. ಹೆಸರು ಬದಲಿಸಿದ್ರ ಮುಗೀತ್ರಿ."

ಸಾಹೇಬರಿಗೆ ಪೂರ್ತಿ ಅರ್ಥವಾಯಿತು. ಆದರೆ ಹೆಸರು ಬದಲಾವಣೆಗೆ ಆ ಹೆಸರಿನ ನೌಕರರೇ ಅರ್ಜಿ ಕೊಡಬೇಕೆಂದು ನಿಯಮವಿದೆ. ನಿವೃತ್ತರ ಅರ್ಜಿಯನ್ನು ಸ್ವೀಕರಿಸತಕ್ಕದ್ದಲ್ಲ ಎಂಬ ಉಪನಿಯಮವೂ ಇದೆ.

"ಹಂಗಾರ ದಿನಾ ನಾನ ಒತ್ತಲೇನ್ರಿ?"

"ಮನುಷ್ಯಾರು ಒತ್ತೂ ಹಂಗಿಲ್ಲವ್ವಾ." ಸಾಹೇಬರು ಯೋಚಿಸಿದರು. "ನೀ ಯಂತ್ರ ಆದ್ರ ಅಡ್ಡಿ ಇಲ್ಲ."

ಮರುದಿನ ಆದೇಶ ಹೊರಟಿತು: ಸದರಿ ಸಹನಾ ಇವರನ್ನು ಸಿಬ್ಬಂದಿಯಿಂದ ಕೈಬಿಟ್ಟು ಯಂತ್ರೋಪಕರಣಗಳಲ್ಲಿ ಸೇರಿಸಿಕೊಳ್ಳಲಾಗಿದೆ. ಜವಾನ ಮೌನೇಶ, "ಸಿಟ್ಟಾಗಬ್ಯಾಡ್ರಿ ಅಕ್ಕಾರ" ಎನ್ನುತ್ತಲೇ ಆಕೆಯ ಕೊರಳಿನ ಗುರುತಿನ ಚೀಟಿ ತೆಗೆದುಕೊಂಡು, ಪ್ರಿಂಟರಿಗೆ ಅಂಟಿಸಿದಂಥದೇ ಒಂದು ನಂಬರ್ ಸ್ಟಿಕ್ಕರ್ ಕೊಟ್ಟ. ಸಹನಾ ಅದನ್ನು ಅಂಟಿಸಿಕೊಂಡಳು. ಹತ್ತಕ್ಕೆ ಗುಂಡಿ ಒತ್ತಿದಳು. ಸಾಂಬ್ರಾಣಿಗೆ ನೀರು ಹೋಯಿತು. ಜಿಲ್ಲಾ ಕಚೇರಿಯವರು ಬಹಳ ಮೆಚ್ಚಿ, ಜೋಯಿಡಾದಲ್ಲೂ ಇಂಥದೊಂದನ್ನು ಕೂಡ್ರಿಸುವಂತೆ ಸೂಚಿಸಿದರು.

ಅಷ್ಟರಲ್ಲಿ ಮುಂಡಗೋಡದಲ್ಲಿ ಆಕೆಯ ತಂಗಿಯ ನಿಶ್ಚಿತಾರ್ಥ ನಿಗದಿಯಾಯಿತು. ಯಂತ್ರಗಳಿಗೆ ರಜೆಯಿಲ್ಲ. ಕುಬೇರಪ್ಪ ಸಾಹೇಬರು ಕನಿಕರವುಳ್ಳವರು. ಒಂದು ದಿನದ ಮಟ್ಟಿಗೆ 'ದುರಸ್ತಿಯಲ್ಲಿದೆ' ಎಂದು ಬರೆದು ಕಳಿಸಿಕೊಟ್ಟರು.

ತಂಗಿಗೆ ಹೂವು ಮುಡಿಸುತ್ತಿದ್ದಾಗ ಫೋನು ಬಂತು. ಮಾಡಿದವಳು ಸಾಂಬ್ರಾಣಿಯ ಮುದುಕಿ ಕಾಶೆವ್ವ; ನಂಬರು ಕಚೇರಿಯವರೇ ಕೊಟ್ಟಿದ್ದರು.

"ನೀರಿನ ಯಂತ್ರ ಏನವ್ವಾ?"

ಸಹನಾ ಕೈಯಲ್ಲಿದ್ದ ಹೂವು ಪಕ್ಕಕ್ಕಿಟ್ಟಳು. "ಹೂಂರಿ ಆಯಿ, ನಾನ. ಇವತ್ತ ಕೆಟ್ಟೇನ್ರಿ. ನಾಳೆ ಹತ್ತಕ್ಕ ಚಾಲೂ ಆಗ್ತೇನಿ."

"ಆಗಲಿ ಬಿಡವ್ವಾ," ಎಂದಳು ಕಾಶೆವ್ವ. "ಮೊದಲಿನ ಯಂತ್ರಕ್ಕಿಂತ ನೀನ ಭಾಳ ಛಲೋ. ಅದು ಕೆಟ್ರ ಫೋನೂ ಎತ್ತತಿರಲಿಲ್ಲ."