ಹೋದ ವರ್ಷದ ಬ್ಯಾಕಪ್

ಲೆಕ್ಕದ ಅಕ್ಕ ಸೀನಿದರು. ಮೌಸ್ ಹಿಡಿದ ಕೈ ಅಲುಗಿ, ಲಿಫ್ಟ್ ದುರಸ್ತಿ ಕಂಪನಿಯವರೆಲ್ಲ ಹಂಚಿಕೊಂಡಿದ್ದ ‘ದೂರುಗಳು’ ಎಂಬ ಮೇಲ್ ಫೋಲ್ಡರ್ ಜಾರಿ ಪಕ್ಕದ ‘ಹಳೇ ಬಿಲ್ಲುಗಳು’ ಫೋಲ್ಡರಿನೊಳಗೆ ಬಿತ್ತು. ಅಕ್ಕ ಮೂಗು ಒರೆಸಿಕೊಂಡರು, ಪರದೆ ನೋಡಲಿಲ್ಲ.

ಫೋಲ್ಡರ್ ಮಾಯವಾಯಿತೆಂದು ಎಲ್ಲರೂ ವೈರಪ್ಪನ ಮೇಲೆ ಮುಗಿಬಿದ್ದರು. ಮೇಲ್ ಸರ್ವರ್ ನೋಡಿಕೊಳ್ಳುವುದಕ್ಕೆ ಕಂಪನಿ ಅವನಿಗೆ ಕೊಟ್ಟಿದ್ದು ಈ ಅಡ್ಡಹೆಸರು ಮತ್ತು ಒಂದು ವರ್ಷದ ತಾತ್ಕಾಲಿಕ ಕೆಲಸ. ಕೆಲಸ ಕಾಯಂ ಆಗುವುದೋ ಇಲ್ಲವೋ, ಇವತ್ತು ಸಂಜೆ ತೀರ್ಮಾನ. ವರ್ಷವಿಡೀ ಒಂದೊಂದು ಕಟ್ಟಡಕ್ಕೂ ಆ ಫೋಲ್ಡರಿನೊಳಗೆ ಒಂದೊಂದು ಪುಟ್ಟ ಫೋಲ್ಡರ್ ಮಾಡಿ ಜೋಡಿಸಿದ್ದ. ತೋರಿಸಿಕೊಳ್ಳಲು ಅವನಿಗಿದ್ದದ್ದು ಅದೊಂದೇ.

“ಸರ್, ಎಲ್ಲೋ ಸರಿದಿರತ್ತೆ. ಸ್ವಲ್ಪ ಹುಡುಕಿ ನೋಡ್ತೀನಿ.”

“ಹುಡುಕೋಕೆ ಅದೇನು ಕಳೆದುಹೋದ ಚಪ್ಪಲೀನಾ?” ಮ್ಯಾನೇಜರ್ ಗುಡುಗಿದರು. “ಬ್ಯಾಕಪ್ ವಾಪಸ್ ಹಾಕಯ್ಯಾ!”

“ಇರೋದು ಹೋದ ವರ್ಷದ್ದು ಸರ್. ನನಗಿಂತ ಮುಂಚೆ ಇಲ್ಲಿದ್ದ ಮೀಸೆ ಮಾಮ ಕೆಲಸ ಬಿಡೋವಾಗ ತೆಗೆದಿದ್ದು. ಬ್ಯಾಕಪ್ ತೆಗೆಯೋಕೆ ಹೊಸ ಡಿಸ್ಕ್ ಕೇಳಿದ್ದೆ, ನೀವೇ ಬೇಡ ಅಂದ್ರಿ. ಅದನ್ನ ಹಾಕಿದ್ರೆ ಈಗಿರೋದೆಲ್ಲ ಅಳಿಸಿಹೋಗತ್ತೆ.”

“ನೆಪ ಹೇಳ್ಬೇಡ.”

ಸುತ್ತ ನಿಂತವರೆಲ್ಲ ದಿಢೀರನೆ ಸರ್ವರ್ ಪಂಡಿತರಾದರು. ಒಬ್ಬ ಆರಿಸಿ ಹಾಕು ಎಂದ, ಇನ್ನೊಬ್ಬ ಒಂದೇಟು ಕೊಡು ಎಂದ. “ಪಾಪ, ಅನುಭವ ಸಾಲದು” ಎಂದು ಲೆಕ್ಕದ ಅಕ್ಕ ಮತ್ತೊಮ್ಮೆ ಸೀನಿದರು.

ವೈರಪ್ಪ ಹಲ್ಲು ಕಚ್ಚಿ ಗುಂಡಿ ಒತ್ತಿದ. ಫೋಲ್ಡರುಗಳು ಒಂದರ ಕೆಳಗೊಂದು ಬಂದು ಕೂತವು, ಹಳೇ ಹೆಸರು, ಯಾರ್ಯಾರು ತೆರೆಯಬಹುದೆಂಬ ಹಳೇ ಹಕ್ಕುಗಳ ಸಮೇತ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನಿಗೊಬ್ಬನಿಗೆ ಮಾತ್ರ ‘ದೂರುಗಳು’ ತೆರೆಯಲಿಲ್ಲ. ಹೋದ ವರ್ಷ ಅವನು ಈ ಕಂಪನಿಯಲ್ಲೇ ಇರಲಿಲ್ಲವಲ್ಲ!

ಅಷ್ಟರಲ್ಲಿ ಮ್ಯಾನೇಜರ್ ಫೋನ್ ಹೊಡೆದುಕೊಂಡಿತು. ಮೀಸೆ ಮಾಮ.

“ಏನ್ ಸಾರ್, ಆಫೀಸಿನ ಈಮೇಲ್ ಎಲ್ಲ ಮತ್ತೆ ನನ್ನ ಫೋನಿಗೆ ಬರ್ತಾ ಇದೆ? ವಾಪಸ್ ಕರೀತಿದ್ದೀರಾ?”

ಮ್ಯಾನೇಜರ್ ಪರದೆಯನ್ನೇ ನೋಡಿದರು. ಪುಟ್ಟ ಫೋಲ್ಡರುಗಳ ಕಾಟವಿಲ್ಲದೆ ಖಾಲಿ ಖಾಲಿಯಾಗಿ, ಚೊಕ್ಕಟವಾಗಿತ್ತು. “ನೀವಿದ್ದಾಗ ಎಷ್ಟು ನೀಟಾಗಿತ್ತು ರೀ! ನಾಳೆಯಿಂದ್ಲೇ ಬಂದ್ಬಿಡಿ, ಕಾಯಂ ಮಾಡ್ತೀನಿ. ಏನು, ಹೊಸ ಡಿಸ್ಕಾ? ಅದಕ್ಕೇನಂತೆ, ಎರಡು ತರಿಸೋಣ.”

ವೈರಪ್ಪನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಚೀಲ ಹೆಗಲಿಗೇರಿಸಿ ಹೊರಟವನನ್ನು ಲೆಕ್ಕದ ಅಕ್ಕ ಬಾಗಿಲಲ್ಲಿ ತಡೆದರು.

“ಬೆಳಗ್ಗೆಯಿಂದ ನನ್ನ ಹಳೇ ಬಿಲ್ಲುಗಳ ಒಳಗೆ ‘ದೂರುಗಳು’ ಅಂತ ಅದೇನೋ ಬಂದು ಕೂತಿತ್ತಪ್ಪ. ಈಗ ಇಲ್ಲ. ನೀನೇ ತೆಗೆದ್ಯಾ? ಪುಣ್ಯಾತ್ಮ, ಒಳ್ಳೇ ಕೆಲಸ ಮಾಡ್ದೆ.”