ಊರಿನ ಪಾಪವನ್ನೆಲ್ಲ ಹೇಳಿಕೊಂಡ ಮಾವ

ಪಾಪ ಮಾಡುವುದರಲ್ಲಿ ನಮ್ಮ ಸೋದರಮಾವನನ್ನು ಮೀರಿಸಿದವರು ಬೇಕಾದಷ್ಟು ಜನ ಇರಬಹುದು. ಆದರೆ ಮಾಡಿದ ಪಾಪ, ಮಾಡದ ಪಾಪ ಎರಡನ್ನೂ ಹೇಳಿಕೊಳ್ಳುವುದರಲ್ಲಿ ಅವರಿಗೆ ಸರಿಸಾಟಿಯಾದವರು ಶಿಕಾರಿಪುರ, ಸೊರಬ ಎರಡೂ ತಾಲೂಕು ಜಾಲಾಡಿದರೂ ಸಿಗಲಿಕ್ಕಿಲ್ಲ! ನಾವು ಕೆಥೋಲಿಕರು. ಫಾದರ್ ಹತ್ತಿರ ಹೋಗಿ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆ ನಮ್ಮಲ್ಲಿ ಉಂಟು. ಬೇರೆಯವರಿಗೆ ಎರಡು ನಿಮಿಷ ಸಾಕು. ಮಾವ ಮಂಡಿಯೂರಿದರೆಂದರೆ ಹಿಂದೆ ನಿಂತವರು ಕೂರಲು ಬೆಂಚು ಹುಡುಕುತ್ತಿದ್ದರು.

ಇದು ಶುರುವಾದದ್ದು ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಒಂದು ಭಾನುವಾರ. ಭೂಮಿ ದೇವರ ಸೃಷ್ಟಿ, ನಮ್ಮೆಲ್ಲರಿಗೂ ಇರುವುದು ಇದೊಂದೇ ಮನೆ, ಇದರ ನೀರು ಮಣ್ಣು ಕೆಡಿಸುವುದೂ ಪಾಪವೇ, ಅದನ್ನೂ ನಿವೇದಿಸಿಕೊಳ್ಳಿ ಎಂದು ಫಾದರ್ ಪ್ರಬೋಧನೆ ಮಾಡಿದರು. ನಾವೆಲ್ಲ ತಲೆಯಾಡಿಸಿ ಮನೆಗೆ ಬಂದು ಊಟ ಮಾಡಿ ಮಲಗಿದೆವು. ಮಾವ ಮಾತ್ರ ಅದನ್ನು ತಲೆಗೆ ಹಚ್ಚಿಕೊಂಡರು. ಮುಂದಿನ ವಾರ ಶಿರಾಳಕೊಪ್ಪದ ಸಂತೆಯ ಪ್ಲಾಸ್ಟಿಕ್ಕು, ಕೆರೆಗೆ ಬಿದ್ದ ಕೋಳಿಪುಕ್ಕ, ಅತ್ತೆಯ ಶಾಂಪೂ ಪ್ಯಾಕೆಟ್ಟು, ನಾನು ಹಿತ್ತಲಲ್ಲಿ ಸುಟ್ಟ ಹಳೇ ಟೈರು, ಎಲ್ಲವನ್ನೂ ತಮ್ಮ ಹೆಸರಿನಲ್ಲೇ ನಿವೇದಿಸಿ ಬಂದರು. ಇದೆಲ್ಲ ನನಗೆ ಹೇಗೆ ಗೊತ್ತಾಯಿತು ಅಂತೀರಾ? ಗುಟ್ಟು ಕಾಯಬೇಕಾದವರು ಫಾದರ್. ಮಾವನಿಗೆ ಅಂಥ ಕಟ್ಟುಪಾಡೇನೂ ಇರಲಿಲ್ಲ. ಊಟಕ್ಕೆ ಕೂತಾಗ ಎಲ್ಲವನ್ನೂ ನಮಗೆ ಇನ್ನೊಮ್ಮೆ ಒಪ್ಪಿಸುತ್ತಿದ್ದರು.

“ಟೈರು ಸುಟ್ಟಿದ್ದು ನಾನು ಮಾವ. ನೀವ್ಯಾಕೆ ಹೇಳ್ಬೇಕಿತ್ತು?”

“ನೀನು ಹೇಳ್ತಿದ್ಯಾ?”

ನಾನು ಸಾರು ಬಡಿಸಿಕೊಂಡೆ.

ಆ ಹೊತ್ತಿಗೆ ಮಾವನ ಶ್ವಾಸಕೋಶ ಪೂರ್ತಿ ಕೆಟ್ಟಿತ್ತು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಶಿವಮೊಗ್ಗದ ಡಾಕ್ಟರು ಕಳಿಸಿದ್ದರು. ಬೇರೆ ಯಾರಾದರೂ ಆಗಿದ್ದರೆ ಹಾಸಿಗೆ ಹಿಡಿಯುತ್ತಿದ್ದರು. ಮಾವ ಬಡಗಿ ಸಾಬರ ಅಂಗಡಿಗೆ ಹೋಗಿ ತಮ್ಮ ಶವಪೆಟ್ಟಿಗೆಗೆ ತಾವೇ ಅಳತೆ ಕೊಟ್ಟರು. ಪಾಲಿಶ್ ಬೇಡ, ಬಣ್ಣ ಬೇಡ, ಅದು ಮಣ್ಣಿಗೆ ಆಗಲ್ಲ ಎಂದು ಷರತ್ತು ಬೇರೆ.

“ನಮ್ಮಲ್ಲಿ ಪೆಟ್ಟಿಗೇನೇ ಇಲ್ರಿ, ಬಟ್ಟೆ ಅಷ್ಟೆ. ಮಣ್ಣಿಗೆ ಅದು ಇನ್ನೂ ಒಳ್ಳೇದು” ಎಂದರು ಸಾಬರು.

“ಬಂದ ಗಿರಾಕಿನ ವಾಪಸ್ ಕಳ್ಸೋ ಬಡಗಿನ ಇವತ್ತೇ ನೋಡಿದ್ದು ಕಣ್ರೀ” ಎಂದು ಮಾವ ಅಲ್ಲಿಂದಲೇ ಫಾದರ್‌ಗೆ ಫೋನ್ ಮಾಡಿ, ಬರೀ ಬಟ್ಟೆಯಲ್ಲಿ ಹೂಳಬಹುದೇ ಎಂದು ವಿಚಾರಿಸಿದರು. ಫಾದರ್ ಊಟದ ಮಧ್ಯೆ ಇದ್ದರಂತೆ. ಆಮೇಲೆ ಉಣ್ಣಲಿಲ್ಲವಂತೆ.

ಕೊನೆಗೆ ಫಾದರ್‌ಗೂ ಸಾಕಾಯಿತು. ಒಂದು ಭಾನುವಾರ ನಿವೇದನೆಯ ನಡುವೆ ತಡೆದು, “ಊರಿನವರದ್ದೆಲ್ಲ ಕೇಳಿದ್ದಾಯ್ತು. ನಿಮ್ಮದೇನಿದೆ ಹೇಳಿ” ಎಂದರಂತೆ. ಮಾವ ಅವತ್ತು ಊಟಕ್ಕೆ ಕೂತು ನಮಗೆ ಇಷ್ಟನ್ನೇ ಒಪ್ಪಿಸಿ, ತಟ್ಟೆ ಸರಿಸಿ ಎದ್ದರು. ಎರಡು ದಿನ ಬಿಟ್ಟು, “ಗಾಡಿ ತೆಗಿ, ತಾಳಗುಂದಕ್ಕೆ ಹೋಗ್ಬೇಕು” ಎಂದರು.

ದಾರಿಯಲ್ಲಿ ವಿಷಯ ಹೊರಬಿತ್ತು. ಮಾವ ಇಪ್ಪತ್ತು ವರ್ಷ ಕಂಡವರ ಹೊಲಕ್ಕೆಲ್ಲ ಕೂಲಿಗೆ ಹುಳದ ಔಷಧಿ ಹೊಡೆದವರು. ವಿಷಕ್ಕೆ ಔಷಧಿ ಅನ್ನುವ ಜನ ನಾವು. ಒಂದು ಸಾರಿ ತಾಳಗುಂದದಲ್ಲಿ ಕೆಲಸ ಮುಗಿಸಿ, ಔಷಧಿ ಕ್ಯಾನನ್ನು ಪಕ್ಕದ ಹೊಲದ ನೀರಿನ ಗುಂಡಿಯಲ್ಲಿ ತೊಳೆದಿದ್ದರು. ಆ ನೀರು ಕುಡಿದು ಆ ಹೊಲದವರ ಮನೆಯ ಗಬ್ಬದ ಎಮ್ಮೆ ಬಾಯಲ್ಲಿ ನೊರೆ ಬಿಟ್ಟು ಸತ್ತಿತು. ಎಳೇ ಜೋಳ ಮೇಯ್ದು ವಿಷ ಏರಿದೆ ಎಂದು ಜನ ತೀರ್ಮಾನಿಸಿದರು. ಗುಂಪಿನಲ್ಲಿ ನಿಂತಿದ್ದ ಮಾವ ಹೌದೌದು ಎಂದು ಮನೆಗೆ ಬಂದರು. ಮೊನ್ನೆ ಭಾನುವಾರ ಫಾದರ್ ಕೇಳಿದ ಮೇಲೆಯೇ ಇದನ್ನು ಮೊದಲ ಸಲ ಬಾಯಿಬಿಟ್ಟಿದ್ದರು.

“ಫಾದರ್ ಕ್ಷಮೆ ಕೊಟ್ಟಿಲ್ವಾ ಮಾವ? ಮತ್ಯಾಕೆ ಈಗ?”

“ದೇವ್ರು ಕ್ಷಮಿಸ್ತಾನೆ ಅಂದ್ರು. ಎಮ್ಮೆ ಆಯಮ್ಮಂದಲ್ವೇನೋ.”

ಆ ಮನೆಯ ಅಜ್ಜಿ ಜಗಲಿಯಲ್ಲಿ ಕೂತು ಮೆಕ್ಕೆಜೋಳ ಬಿಡಿಸುತ್ತಿದ್ದರು. ಮಾವನ ಗುರುತು ಹಿಡಿದು, “ಔಷಧಿ ಹೊಡಿಯಾಕ ಬಂದ್ರೇನ್ರಿ? ಹೊಲ ಬೇರೇರು ಮಾಡ್ತಾರ ಈಗ” ಎಂದರು. ಮಾವ ನಿಂತುಕೊಂಡೇ, ಉಸಿರು ಎಳೆದೆಳೆದು, ಎಲ್ಲವನ್ನೂ ಹೇಳಿದರು. ಅಜ್ಜಿಯ ಕೈ ನಿಂತಿತು.

“ಎಮ್ಮೇನ ಎಳೇ ಜೋಳಕ್ಕೆ ನೀನೇ ಬಿಟ್ಟೆ ಅಂತ ನಮ್ಮ ಯಜಮಾನ್ರು ಸಾಯೋತನಕ ಅಂದ್ರು. ನೆಂಟರ ಮುಂದೂ ಅಂದ್ರು. ಅಂದು ಅಂದು ನನಗೂ ಹೌದೇನೋ ಅನ್ನಿಸ್ಬಿಟ್ಟಿತ್ತು.”

ಮಾವ ಎಮ್ಮೆಯೊಂದಕ್ಕೇ ತಯಾರಾಗಿ ಬಂದಿದ್ದರು. ಮನೆಗೆ ಹೋಗಿ ನಗುತ್ತಾ ಹೇಳಲು ಒಳ್ಳೆಯ ಕಥೆ ಸಿಕ್ಕಿತು ಎಂದುಕೊಂಡು ಗಾಡಿ ಓಡಿಸಿದ್ದ ನನಗೆ ನಾಚಿಕೆಯಾಯಿತು.

ಅಜ್ಜಿ ಸೆರಗು ಕೊಡವಿ ಎದ್ದರು. “ಒಳಗೆ ಬರ್ರಿ.”

ನಡುಮನೆಯ ಗೋಡೆಯ ಮೇಲೆ ಹಾರ ಹಾಕಿದ ಫೋಟೋ. ಹಣೆ ತುಂಬ ವಿಭೂತಿ, ಬಿಗಿದ ತುಟಿ.

“ನನಗೆ ಹೇಳಿದ್ದು ಸಾಕು. ಅವ್ರಿಗೆ ಹೇಳ್ರಿ.”

ಮಾವ ಗೋಡೆ ಹಿಡಿದುಕೊಂಡು ಮೆಲ್ಲಗೆ ಮಂಡಿಯೂರಿದರು. ಶಿಲುಬೆಯ ಗುರುತು ಹಾಕಿಕೊಂಡು, ತಗ್ಗಿದ ದನಿಯಲ್ಲಿ ಶುರುಮಾಡಿದರು.

“ಜೋರಾಗಿ ಹೇಳ್ರಿ” ಎಂದರು ಅಜ್ಜಿ ಹಿಂದಿನಿಂದ. “ಅವ್ರಿಗೆ ಕಿವಿ ಮಂದ.”

ಮಾವ ಕೆಮ್ಮಿದರು. ಎರಡು ಸಲ ಉಸಿರು ತೆಗೆದುಕೊಂಡರು. ಆಮೇಲೆ ಆ ಹಾಳು ಶ್ವಾಸಕೋಶದಲ್ಲಿ ಉಳಿದಿದ್ದಷ್ಟನ್ನೂ ಒಟ್ಟುಮಾಡಿ ಕೂಗಿದರು: “ಯಜಮಾನ್ರೇ, ನಿಮ್ಮ ಎಮ್ಮೆ ಕೊಂದೋನು ನಾನು. ಅಮ್ಮಂದು ಏನೂ ತಪ್ಪಿಲ್ಲ.”

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಫೋಟೋದ ಹತ್ತಿರ ಹೋದರು.

“ಕೇಳಿಸ್ತೇನ್ರಿ?” ಎಂದರು.