ಲಾರ್ಡಿನ ಕೋಟು

ವಿಜಯನಗರದ ಗೋಪೀನಾಥ ಕೇಳಿದೋರಿಗೆ ಸೈಕಲ್ ಕೊಡ್ತಿದ್ದ, ತುಂಬಿದ ಗ್ಯಾಸ್ ಸಿಲಿಂಡರನ್ನೂ ಕೊಡ್ತಿದ್ದ. ಆ ಒಂದು ಪುಸ್ತಕ ಮಾತ್ರ ದೇವರು ಬಂದು ಕೇಳಿದ್ರೂ ಕೊಡ್ತಿರಲಿಲ್ಲ.

ಅದು ಇಂಗ್ಲಿಷ್ ಲಾರ್ಡುಗಳನ್ನ ಗೇಲಿ ಮಾಡೋ ಹಳೇ ಕಾದಂಬರಿ. ನೂರೇ ಪ್ರತಿ ಅಚ್ಚಾಗಿದ್ದು, ಬಣ್ಣದ ಚಿತ್ರಗಳದ್ದು. ಒಂದೊಂದು ಚಿತ್ರಕ್ಕೂ ಅಂತರಪಟ ಹಿಡಿದ ಹಾಗೆ ತೆಳ್ಳನೆ ಕಾಗದ.

ಅವತ್ತು ಬೆಳಗ್ಗೆ ಎದುರುಮನೆ ನೀಲಗಂಗಮ್ಮ ಟೈಲರ್ ವೆಂಕಟಸ್ವಾಮಿನ ಎಳ್ಕೊಂಡು ಬಂದ್ರು. ಸಂಜೆ ಅವರ ಮಗನ ರಿಸೆಪ್ಷನ್ನು.

"ಗೋಪಿ, ಇವನು ಹೊಲಿದಿರೋ ಕೋಟಲ್ಲಿ ನನ್ ಮಗ ಬಸ್ ಕಂಡಕ್ಟರ್ ಥರ ಕಾಣ್ತಾನಪ್ಪ. ನಿನ್ ಪುಸ್ತಕದಲ್ಲಿ ರಾಜರು-ಗೀಜರು ಇದಾರಂತಲ್ಲ, ಒಂದ್ ಗಳಿಗೆ ಕೊಡು. ನೋಡ್ಕೊಂಡು ಜರಿ-ಗಿರಿ ಹಚ್ಚಿಸ್ತೀನಿ."

"ಪುಸ್ತಕ ಹೊಸಿಲು ದಾಟಲ್ಲ ಆಂಟಿ. ಕೈ ತೊಳ್ಕೊಂಡು ಬನ್ನಿ, ಇಲ್ಲೇ ನೋಡಿ."

ಅವರ ಹಿಂದೆ ಅರ್ಧ ಬೀದಿನೇ ಕೈ ತೊಳ್ಕೊಂಡು ಬಂತು. ಗೋಪೀನಾಥ ಒಂದು ಚಿತ್ರ ತೆಗೆದ. ಒಬ್ಬ ಹರಿದ ಕೋಟು ಹಾಕ್ಕೊಂಡು ಕುರ್ಚಿಲಿ ಬಿದ್ಕೊಂಡಿದಾನೆ. ಇನ್ನೊಬ್ಬ ಚಿನ್ನದ ಗುಂಡಿ, ಜರಿ ಪಟ್ಟಿ ಹಚ್ಚಿದ ಕೋಟಲ್ಲಿ, ಆಗತಾನೇ ಎಣ್ಣೆ ಸವರಿದ ಗರುಡಗಂಬದ ಥರ ನಿಂತಿದಾನೆ.

"ಈ ಗುಂಡಿ ಕೋಟೇ ಆಗ್ಬೇಕು!" ಅಂದ್ರು ನೀಲಗಂಗಮ್ಮ.

"ಆಂಟಿ, ಅವನು ಆಳು. ಲಾರ್ಡು ಕುರ್ಚಿಲಿರೋನು."

"ಥೂ, ಬಿಡ್ತು ಅನ್ನು! ಅವನು ಮಾರ್ಕೆಟ್ಟಲ್ಲಿ ಹಲಸಿನಹಣ್ಣು ಬಿಡಿಸೋನ ಥರ ಇದಾನೆ!"

ವೆಂಕಟಸ್ವಾಮಿ ನಕ್ಕ. "ಸಾರ್, ಯಾವ ಧಣಿ ಆಳಿಗೆ ಚಿನ್ನದ ಗುಂಡಿ ಹಾಕ್ಸಿ, ತಾನು ಹರಕಲು ಹಾಕ್ಕೋತಾನೆ?"

"ಓದಿದ್ದು ಜಾಸ್ತಿ ಆಯ್ತು, ಪಾಪ" ಅಂತ ಬೀದಿನೂ ನಗ್ತಾ ಹೋಯ್ತು.

ಗೋಪೀನಾಥನ ಮೈ ಉರೀತು. ತನ್ನನ್ನ ಏನು ಬೇಕಾದ್ರೂ ಅನ್ನಲಿ, ಪುಸ್ತಕಾನೇ ಸುಳ್ಳು ಅನ್ನೋದಾ? ಅಟ್ಟದಿಂದ ತಾತನ ಕೋಟು ಇಳಿಸಿದ. ಮೊಣಕೈ ಹರಿದಿತ್ತು, ಬೆನ್ನಲ್ಲಿ ಇಲಿ ಕಿಟಕಿ ಇಟ್ಟಿತ್ತು.

"ಲಾರ್ಡು ಯಾರು ಅಂತ ಇವತ್ತು ಇವರ ಬಾಯಲ್ಲೇ ಹೇಳಿಸ್ತೀನಿ!"

"ಇದನ್ನ ಹಾಕ್ಕೊಂಡ್ರೆ ನಾನು ಜೊತೆಲಿ ಬರಲ್ಲ" ಅಂದ್ಲು ಹೆಂಡತಿ ಸೀತಾ.

"ಬರಬೇಡ. ಲಾರ್ಡುಗಳು ಒಬ್ಬೊಬ್ರೇ ಓಡಾಡ್ತಾರೆ."

ಸೆಕೆ ಅಂತ ಬನಿಯನ್ ಮೇಲೇ ಕೋಟು ಏರಿಸಿ ಹೊರಟ. ಹೊಸಿಲು ದಾಟದ ಪುಸ್ತಕ ಸಾಕ್ಷಿ ಹೇಳಕ್ಕೆ ಟವಲ್ ಸುತ್ಕೊಂಡು ಕಂಕುಳೇರಿತು.

ಛತ್ರದಲ್ಲಿ ಮದುಮಗ ಗುಂಡಿ ಕೋಟಲ್ಲಿ ಫಳಫಳ ಅಂತಿದ್ದ. ಹುಡುಗಿ ತಾತ ವೆಂಕಟರಮಣಪ್ಪ ಬಿಳೀ ದೊರೆಗಳ ಕಾಫಿ ತೋಟದಲ್ಲಿ ಲೆಕ್ಕ ಬರೆಯೋ ರೈಟರಾಗಿದ್ದೋರು. ಕನ್ನಡಕ ಒರೆಸ್ಕೊಂಡು ನೋಡಿದ್ರು.

"ಏನಮ್ಮಾ ಇದು? ದೊರೆ ಬಂಗ್ಲೇಲಿ ಬಾಗಿಲು ತೆಗೀತಿದ್ದೋನ ಕೋಟು! ನಮ್ ಹುಡುಗಿನ ಆಳಿಗೆ ಕೊಡ್ತಿದೀವಾ?"

ಗೋಪೀನಾಥ ನುಗ್ಗಿ ಬಂದು ಪುಸ್ತಕ ಬಿಚ್ಚಿದ. "ಬೆಳಗ್ಗೆನೇ ಬಡ್ಕೊಂಡೆ ಸಾರ್!"

ತಾತ ಹರಿದ ಕೋಟಿನವನ ಮೇಲೆ ಬೆರಳಿಟ್ಟರು. "ಇವನೇ ಅಪ್ಪಟ ಲಾರ್ಡು! ನಮ್ ದೊರೆನೂ ಹೀಗೇ ಹರಕಲು ಕೋಟಲ್ಲೇ ಇರ್ತಿದ್ರು."

"ಹೌದೌದು, ಇವನೇ ಲಾರ್ಡು" ಅಂತು ಬೀದಿ. ಗೋಪೀನಾಥ ಗತ್ತಾಗಿ ಸುತ್ತ ನೋಡಿದ. ನೀಲಗಂಗಮ್ಮ ಮಾತ್ರ ಚಿತ್ರ ನೋಡಿದ್ರು, ಅವನ ಕೋಟು ನೋಡಿದ್ರು.

"ವೆಂಕಟಸ್ವಾಮೀ, ಬಿಚ್ಚೋ ಗೋಪಿ ಕೋಟನ್ನ!"

ಕಣ್ಣು ಮಿಟುಕಿಸೋದ್ರೊಳಗೆ ಮದುಮಗ ಇಲಿ ಕಿಟಕಿ ಕೋಟಲ್ಲಿ ಸ್ಟೇಜ್ ಮೇಲಿದ್ದ, ತಾತ ಮೆಚ್ಚಿ ತಲೆ ಸವರ್ತಿದ್ರು. ಬರೀ ಬನಿಯನ್ನಲ್ಲಿ ನಿಲ್ಲೋಕಾಗದೆ ಗೋಪೀನಾಥ ಮದುಮಗ ಬಿಚ್ಚಿಟ್ಟ ಗುಂಡಿ ಕೋಟೊಳಗೆ ತೂರಿಕೊಂಡ. ತೂರಿದ್ದೇ ತಡ, ಯಾರೋ ಅವನ ಕೈಗೆ ಟ್ರೇ ಇಟ್ಟರು.

"ಏಯ್, ಬೀಗರಿಗೆ ಜ್ಯೂಸ್ ಹೋಗಿಲ್ಲ ನೋಡು!"

"ರೀ, ನಾನು ಆಳಲ್ಲ ಕಣ್ರೀ!"

"ಅಯ್ಯೋ ಸಾರ್," ಅಂದ ವೆಂಕಟಸ್ವಾಮಿ, ಟ್ರೇಯಿಂದ ತಾನೇ ಒಂದು ಗ್ಲಾಸ್ ಎತ್ಕೊಂಡು, "ಬೆಳಗ್ಗೆಯಿಂದ ನೀವೊಬ್ರೇ ತಾನೆ ಹೇಳ್ತಿದ್ದಿದ್ದು, ಈ ಕೋಟು ಹಾಕ್ಕೊಂಡೋನು ಆಳೇ ಅಂತ? ಈಗ ಒಪ್ಕೊಂಡೆ ಬಿಡಿ."